ಇಫ್ ಇದ್ದ ಕಡೆ ವಿಲ್ ಯಾಕೆ ಬರುವುದಿಲ್ಲ?

ಪ್ರಶ್ನೆ:
ಈಗಷ್ಟೇ ಮ್ಯಾನೇಜರ್‌ಗೆ ಒಂದು ಮೇಲ್ ಕಳಿಸಿದೆ. ‘ಇಫ್ ದ ಕ್ಲೈಂಟ್ ವಿಲ್ ಕಾಲ್ ಟುಮಾರೋ, ಐ ವಿಲ್ ಇನ್‌ಫಾರ್ಮ್ ಯು’ ಅಂತ ಬರೆದಿದ್ದೆ. ಪಕ್ಕದಲ್ಲಿ ಕೂರುವ ಗೆಳತಿ ನೋಡಿ, ಮೊದಲನೇ ವಿಲ್ ತಪ್ಪು, ‘ಕಾಲ್ಸ್’ ಆಗಬೇಕು ಅಂದಳು. ಯಾಕೆ ಅಂದರೆ ‘ಅದು ಹಾಗೇನೇ’ ಅಂತಾಳೆ. ಕಾಲ್ ಬರುವುದು ನಾಳೆ ತಾನೇ? ಮುಂದೆ ಆಗುವುದಕ್ಕೆ ವಿಲ್ ಹಾಕಬೇಕು ಅಂತಲ್ವಾ ನಾವು ಕಲಿತಿದ್ದು? ಸುಮ್ನೆ ಬಾಯಿಪಾಠ ಮಾಡಲು ಇಷ್ಟವಿಲ್ಲ, ಕಾರಣ ಗೊತ್ತಿದ್ದರೆ ಹೇಳಿ.

ಉತ್ತರ 1:
ನಿಮ್ಮ ಗೆಳತಿ ಹೇಳಿದ್ದೇ ಸರಿ. ಇದಕ್ಕೆ ಫಸ್ಟ್ ಕಂಡೀಷನಲ್ ಅಂತಾರೆ. ಇಫ್ ಇರುವ ಭಾಗಕ್ಕೆ ಸಿಂಪಲ್ ಪ್ರೆಸೆಂಟ್, ಇನ್ನೊಂದು ಭಾಗಕ್ಕೆ ವಿಲ್. ಆ ವಿಲ್ ಜಾಗದಲ್ಲಿ ಕ್ಯಾನ್, ಮೇ ಕೂಡ ಬರಬಹುದು, ಇಲ್ಲವೇ ನೇರವಾಗಿ ‘ಇಫ್ ಹಿ ಕಾಲ್ಸ್, ಟೆಲ್ ಮಿ’ ಅನ್ನಬಹುದು. ಕಾಲ್ಸ್‌ನ ಕೊನೆಯ ಎಸ್ ಮಾತ್ರ ನುಂಗಬೇಡಿ.

ಉತ್ತರ 2:
ಕಾರಣ ಕೇಳಿದಿರಲ್ಲ, ಕನ್ನಡದಲ್ಲೇ ಇದೆ ನೋಡಿ. ‘ನಾಳೆ ಅವನು ಬಂದರೆ ಹೇಳುತ್ತೇನೆ’ ಅಂತೀವಿ. ಈ ‘ಬಂದರೆ’ಯಲ್ಲಿ ಭವಿಷ್ಯತ್ಕಾಲ ಎಲ್ಲಿದೆ? ಬಂದನು, ಬಂದಳು ಅನ್ನುವಾಗ ಇರುವ ಅದೇ ‘ಬಂದ್’ ಇಲ್ಲೂ ಇರುವುದು, ಅಂದರೆ ನಾಳೆಯ ಮಾತಿಗೆ ನಾವು ಭೂತಕಾಲದ ರೂಪವನ್ನೇ ಬಳಸುತ್ತೇವೆ, ಯಾರಿಗೂ ಗೊಂದಲ ಆಗುವುದಿಲ್ಲ, ಯಾಕೆಂದರೆ ‘ನಾಳೆ’ ಮತ್ತು ‘ಹೇಳುತ್ತೇನೆ’ ಎರಡೂ ಸೇರಿ ಕಾಲವನ್ನು ತಿಳಿಸಿಬಿಡುತ್ತವೆ. ಇಂಗ್ಲಿಷಿನದೂ ಹೆಚ್ಚುಕಡಿಮೆ ಇದೇ ಲೆಕ್ಕ. ಇಫ್ ಭಾಗದಲ್ಲಿ ನೀವು ‘ಕಾಲ್ ಬರುತ್ತದೆ’ ಅಂತ ಹೇಳುತ್ತಿಲ್ಲ, ಬರೀ ಷರತ್ತು ಇಡುತ್ತಿದ್ದೀರಿ. ಮುಂದೆ ಏನು ಮಾಡುತ್ತೀರಿ ಅನ್ನುವುದು ಎರಡನೇ ಭಾಗದಲ್ಲಿದೆ, ವಿಲ್ ಅಲ್ಲಿದ್ದರೆ ಸಾಕು.

ಹಾಗಂತ ‘ಬಂದರೆ’ ನೋಡಿಕೊಂಡು ‘ಇಫ್ ಹಿ ಕೇಮ್ ಟುಮಾರೋ’ ಅಂದುಬಿಡಬೇಡಿ! ಅದು ಬರುವುದು ಅನುಮಾನ ಅನ್ನುವ ಧಾಟಿ. ಆಗ ಮುಂದಿನ ವಿಲ್ ಕೂಡ ವುಡ್ ಆಗುತ್ತದೆ.

ಪ್ರಶ್ನೆ ಕೇಳಿದವರು:
ಅಯ್ಯೋ, ಇಷ್ಟು ವರ್ಷ ‘ಬಂದರೆ’ ಅನ್ನುತ್ತಾ ಇದ್ದರೂ ಇದು ಹೊಳೆದಿರಲಿಲ್ಲ. ಆದರೆ ‘ಐ ಡೋಂಟ್ ನೋ ಇಫ್ ಹಿ ವಿಲ್ ಕಮ್’ ಅಂತಾರಲ್ಲ, ಅದು ತಪ್ಪಾ?

ಉತ್ತರ 2:
ತಪ್ಪಲ್ಲ, ಅದು ಬೇರೆ ಇಫ್. ಕನ್ನಡಕ್ಕೆ ತಿರುಗಿಸಿ ನೋಡಿ, ‘ಬರುತ್ತಾನೋ ಇಲ್ಲವೋ ಗೊತ್ತಿಲ್ಲ’ ಅಂತ ಆಗುತ್ತದೆ, ‘ಬಂದರೆ ಗೊತ್ತಿಲ್ಲ’ ಅಂತ ಆಗುವುದಿಲ್ಲ. ನಾನಂತೂ ಹೀಗೇ ಪರೀಕ್ಷೆ ಮಾಡುವುದು. ‘ಬಂದರೆ, ಹೋದರೆ’ ಅಂತ ಬಂದರೆ ವಿಲ್ ಬೇಡ, ‘ಓ ಇಲ್ಲವೋ’ ಅಂತ ಬಂದರೆ ವಿಲ್ ಇರಲಿ.

ಉತ್ತರ 3:
ಒಂದು ಸೇರಿಸುತ್ತೇನೆ. ‘ಇಫ್ ಯು ವಿಲ್ ವೇಟ್ ಹಿಯರ್, ಐ ವಿಲ್ ಕಾಲ್ ಹಿಮ್’ ಅನ್ನುವುದು ಸರಿಯಾದ ಇಂಗ್ಲಿಷೇ. ಅಲ್ಲಿ ವಿಲ್ ಕಾಲವನ್ನು ಹೇಳುತ್ತಿಲ್ಲ, ‘ದಯವಿಟ್ಟು ಕಾಯುತ್ತೀರಾ’ ಅನ್ನುವ ಮರ್ಯಾದೆ ಅದು. ಇನ್ನು ಜಾಸ್ತಿ ಜನ ಎಡವುವುದು ಅನ್‌ಲೆಸ್ ಹತ್ತಿರ. ಅದರೊಳಗೇ ‘ಇಲ್ಲ’ ಇದೆ, ‘ಅನ್‌ಲೆಸ್ ಹಿ ಡಸಂಟ್ ಕಾಲ್’ ಅಂದರೆ ಅರ್ಥವೇ ಉಲ್ಟಾ. ಮತ್ತೆ ನಿಮ್ಮ ಮೇಲ್‌ನಲ್ಲಿ ಇಫ್ ಬದಲು ವೆನ್ ಹಾಕಿದ್ದರೆ ವ್ಯಾಕರಣ ಅದೇ, ಆದರೆ ಕಾಲ್ ಬಂದೇ ಬರುತ್ತದೆ ಅಂತ ನಿಮ್ಮ ಮ್ಯಾನೇಜರ್ ಕಾದು ಕೂರುತ್ತಿದ್ದರು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೇಲ್ ಅಂತೂ ಹೋಗಿಬಿಟ್ಟಿದೆ. ಇಫ್ ಹಿ ನೋಟಿಸಸ್, ಐ ವಿಲ್ ಬ್ಲೇಮ್ ಆಟೋಕರೆಕ್ಟ್. ಇದಾದರೂ ಸರಿ ಇದೆಯಾ?