‘ಇನು’ ಎಂಬ ಈಜಿಪ್ಟಿನ ಪದ: ಕಪ್ಪವೇ, ಕಾಣಿಕೆಯೇ?

ಮಾನ್ಯರೇ,

ಪ್ರಾಚೀನ ಈಜಿಪ್ಟಿಗೂ ಕಾನಾನ್ ನಾಡಿಗೂ (ಇಂದಿನ ಇಸ್ರೇಲ್, ಪ್ಯಾಲೆಸ್ಟೀನ್ ಸುತ್ತಲಿನ ಪ್ರದೇಶ) ಇದ್ದ ದಂಡಯಾತ್ರೆ ಮತ್ತು ವ್ಯಾಪಾರಗಳ ಸಂಬಂಧವನ್ನು ಕುರಿತ ಲೇಖನವೊಂದನ್ನು ಕನ್ನಡಿಸುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಎದುರಾಗುವ ‘ಇನು’ ಎಂಬ ಪದವು ‘ತರು’ ಎಂಬರ್ಥದ ಧಾತುವಿನಿಂದ ಹುಟ್ಟಿದ್ದು, ಅದರ ಮೂಲಾರ್ಥ ‘ತಂದದ್ದು’ ಎಂದಷ್ಟೇ. ಅದನ್ನು ‘ಕಪ್ಪ’ ಎನ್ನುವ ರೂಢಿಯನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಾಗುತ್ತಿಲ್ಲ.

ಕಪ್ಪವೆಂದರೆ ಗೆದ್ದವನೊಬ್ಬ, ಸೋತವನೊಬ್ಬ ಇರಲೇಬೇಕು. ಬೆನಿ ಹಸನ್‌ನಲ್ಲಿರುವ ಈಜಿಪ್ಟಿನ ಪ್ರಾಂತಾಧಿಕಾರಿ ಎರಡನೆಯ ಖ್ನುಮ್‌ಹೋಟೆಪ್‌ನ ಗೋರಿಯ ಗೋಡೆಯಲ್ಲಿ, ಎರಡನೆಯ ಸೆನುಸ್ರೆಟ್ ದೊರೆಯ ಆಳ್ವಿಕೆಯ 6ನೆಯ ವರ್ಷದ್ದೆಂದು ಬರೆದ ಚಿತ್ರವೊಂದಿದೆ. ಈಜಿಪ್ಟಿನವರು ‘ಆಮು’ ಎಂದು ಕರೆಯುತ್ತಿದ್ದ ಏಷ್ಯಾದ ಜನರು, ಬಣ್ಣದ ಪಟ್ಟೆಗಳ ಬಟ್ಟೆ ತೊಟ್ಟು, ಕತ್ತೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು, ತಂತಿವಾದ್ಯ ನುಡಿಸುತ್ತ, ಬಿಲ್ಲು ಭರ್ಜಿಗಳನ್ನೂ ಹಿಡಿದೇ ಬರುತ್ತಿದ್ದಾರೆ. ಎದುರಿಗೆ ನಿಂತ ಲಿಪಿಕಾರನ ಕೈಯ ಪತ್ರದಲ್ಲಿ 37 ಮಂದಿಯ ಲೆಕ್ಕವಿದೆ. ಅವರು ತಂದದ್ದು ಕಣ್ಣಿಗೆ ಹಚ್ಚುವ ಕಪ್ಪು. ಅಲ್ಲಿಯೂ ಬಳಕೆಯಾಗಿರುವುದು ಅದೇ ‘ತರು’ ಧಾತು. ಕಪ್ಪು ತಂದವರನ್ನು ಕಪ್ಪ ತಂದವರೆನ್ನುವುದು ನ್ಯಾಯವೇ?

ಅದಕ್ಕೂ ಬಹಳ ಹಿಂದಿನ, ಈಜಿಪ್ಟಿನ ಮೊದಮೊದಲ ದೊರೆಗಳಲ್ಲೊಬ್ಬನಾದ ನಾರ್ಮರ್‌ಗಿಂತಲೂ ಮೊದಲಿನ, ಈಜಿಪ್ಟಿನ ಅಬಿಡೋಸ್‌ನ ಯು-ಜೆ ಗೋರಿಯಲ್ಲಿ ಸಿಕ್ಕ ಕಾನಾನ್ ಮಾದರಿಯ ನೂರಾರು ದ್ರಾಕ್ಷಾಮದ್ಯದ ಹೂಜಿಗಳನ್ನಾಗಲಿ, ಕಾನಾನಿನ ತೆಲ್ ಅರಾದ್‌ನಲ್ಲಿ ದೊರೆತ ನಾರ್ಮರ್ ಹೆಸರಿನ ಮಡಕೆಚೂರನ್ನಾಗಲಿ ಮುಂದಿಟ್ಟುಕೊಂಡು ‘ಕಪ್ಪ’ ಎಂದುಬಿಟ್ಟರೆ, ವ್ಯಾಪಾರವೋ ಯುದ್ಧವೋ ಎಂದು ಇನ್ನೂ ನಡೆದಿರುವ ಚರ್ಚೆಗೆ ಅನುವಾದಕನೇ ತೀರ್ಪು ಕೊಟ್ಟಂತಾಗುತ್ತದೆ.

ಕಾರ್ನಾಕ್ ದೇವಾಲಯದಲ್ಲಿರುವ ಈಜಿಪ್ಟಿನ ದೊರೆ ಮೂರನೆಯ ಥುಟ್ಮೋಸ್‌ನ ವೃತ್ತಾಂತವು ತೊಡಕನ್ನು ಇನ್ನಷ್ಟು ಬಿಗಿಯುತ್ತದೆ. ಕಾನಾನಿನ ಮೆಗಿದ್ದೋ ಪಟ್ಟಣ ಅವನಿಗೆ ಸೋತ ಮೇಲೆ ರೆಟೆನು (ಕಾನಾನ್, ಸಿರಿಯಾ ಪ್ರದೇಶಕ್ಕೆ ಈಜಿಪ್ಟಿನವರಿಟ್ಟ ಹೆಸರು) ನಾಡಿನ ಒಡೆಯರು ಒಪ್ಪಿಸಿದ್ದೂ ಇನು, ಅವನಿಗೆ ಎಂದೂ ಅಧೀನನಾಗದ ಅಸ್ಸೂರಿನ (ಅಸೀರಿಯಾದ) ಒಡೆಯ ಕಳಿಸಿದ ನೀಲಿಯ ರಾಜಾವರ್ತ ಕಲ್ಲೂ ಇನು. ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯಾದ ಹುಟ್ಟುವಳಿಗಾದರೆ ‘ದುಡಿಮೆ’ಯ ಧಾತುವಿನಿಂದಾದ ‘ಬಕು’ ಎಂಬ ಬೇರೆಯೇ ಪದವಿದೆ. ಅದನ್ನು ಕಂದಾಯವೆಂದರೆ ಹೆಚ್ಚು ತಪ್ಪಾಗದು.

‘ಉಡುಗೊರೆ’ ಎನ್ನೋಣವೆಂದರೆ ಅದರೊಳಗೆ ‘ಉಡು’ ಕುಳಿತಿದೆ. ಮೇಲಿನವನು ಕೆಳಗಿನವನಿಗೆ ಕೊಡುವುದಕ್ಕೂ ಅದು ಸಲ್ಲುತ್ತದೆ. ‘ಕಾಣಿಕೆ’ಯಾದರೋ ‘ಕಾಣು’ವಿನಿಂದ ಬಂದದ್ದು: ದೊಡ್ಡವರನ್ನು ಕಾಣಲು ಹೋದವರು ಬರಿಗೈಯಲ್ಲಿ ಹೋಗದೆ ಕೊಂಡೊಯ್ದು ಒಪ್ಪಿಸುವುದು, ಕೊಡುವವನು ಸೋತವನೇ ಆಗಿರಬೇಕಿಲ್ಲ. ಇಂದಿನ ಓದುಗರಿಗೆ ದೇವಸ್ಥಾನದ ಹುಂಡಿ ನೆನಪಾಗಬಹುದಾದರೂ ನನ್ನ ಒಲವು ಇದರ ಕಡೆಗೇ. ಹಳಗನ್ನಡದಲ್ಲಾಗಲಿ ಶಾಸನಗಳಲ್ಲಾಗಲಿ ಸರಿಸಮಾನರಾದ ಅರಸರ ನಡುವಿನ ಕೊಡುಗೆಯನ್ನೂ ‘ಕಾಣಿಕೆ’ ಎಂದು ಕರೆದ ಪ್ರಯೋಗವಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.