ಕ್ವಿಯರ್ (ಲಿಂಗ, ಲೈಂಗಿಕ ಅಲ್ಪಸಂಖ್ಯಾತರ) ಸಿನಿಮಾ ಪ್ರಬಂಧ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಎಂಎ ಪ್ರಬಂಧಕ್ಕೆ 2015ರಲ್ಲಿ ತೆರೆಕಂಡ ‘ನಾನು ಅವನಲ್ಲ... ಅವಳು’ ಆರಿಸಿಕೊಂಡಿದ್ದೇನೆ. ಸಂಚಾರಿ ವಿಜಯ್ ನಟನೆ ಅಂದ್ರೆ ನನಗೆ ಪ್ರಾಣ. ಆದರೆ ಬರೀ ಹೊಗಳಿದರೆ ಸಾಲದು, ಅಲ್ವಾ? ಏನನ್ನು ಗಮನಿಸಲಿ?

ಉತ್ತರ 1: ಕಥೆ ಟ್ರಾನ್ಸ್ ಮಹಿಳೆ (ಗಂಡೆಂದು ಗುರುತಿಸಲ್ಪಟ್ಟು ಹುಟ್ಟಿ, ಹೆಣ್ಣಾಗಿ ಬದುಕುವವರು) ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆಯದು. ಅವರೇ ರಂಗನಟಿ. ತೆರೆ ಮೇಲೆ ಬಂದದ್ದು ಮಾತ್ರ ಗಂಡು ನಟ. ರಾಷ್ಟ್ರಪ್ರಶಸ್ತಿ ನಟನೆಗೂ ಬಂತು, ಮೇಕಪ್‌ಗೂ ಬಂತು. ಆ ಮೇಕಪ್ ಪ್ರಶಸ್ತಿಯನ್ನು ಸುಮ್ನೆ ದಾಟಿ ಹೋಗಬೇಡಿ. ಹೆಣ್ತನವನ್ನು ಕ್ಯಾಮೆರಾ ಹಚ್ಚಿಕೊಂಡ ಬಣ್ಣದ ಹಾಗೆ ನೋಡುತ್ತದೆಯೇ? ಕನ್ನಡಿ, ಸೀರೆ, ಕೈ ಇರುವ ಶಾಟ್‌ಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ನನಗೆ ಇದೇ ಮುಖ್ಯ ಪ್ರಶ್ನೆ.

ಉತ್ತರ 2: ವೀಟೋ ರುಸೋ ಅವರ ‘ದಿ ಸೆಲ್ಯುಲಾಯ್ಡ್ ಕ್ಲಾಸೆಟ್’ (1981) ಓದಿ. ಸಲಿಂಗಿ ಪಾತ್ರಗಳನ್ನು ಹಾಲಿವುಡ್ ನಗಿಸೋಕೆ, ಸಾಯಿಸೋಕೆ ಹೇಗೆ ಬಳಸಿತು ಅಂತ ತೋರಿಸುತ್ತಾರೆ.

ಕೇಳಿದವರು: ಥ್ಯಾಂಕ್ಸ್! ಮೇಕಪ್‌ನಿಂದಲೇ ಶುರು ಮಾಡ್ತೀನಿ.