ಓವರ್‌ಫ್ಲೋ ಎಂದರೆ ಕೋಡಿಯೋ, ತೂಬೋ? ಹವಳದ ತೊಟ್ಟಿಯ ಪೈಪುಗಳಿಗೆ ಹೆಸರು

ಪ್ರಶ್ನೆ, ದಾವಣಗೆರೆಯಿಂದ

ನಮಸ್ಕಾರ. ಉಪ್ಪುನೀರಿನ ಎರಡು ಗಾಜಿನ ತೊಟ್ಟಿಗಳನ್ನು ಒಂದೇ ಕೆಳಗಿನ ತೊಟ್ಟಿಗೆ ಜೋಡಿಸುವ ಕೆಲಸವಿದೆ. ಹವಳ ಸಾಕುವ ತೊಟ್ಟಿಗಳು. ದೊಡ್ಡದು 120×60×60 ಸೆಂ.ಮೀ., ಚಿಕ್ಕದು 90×45×45. ಪ್ಲಂಬರ್ ಕೈಗೆ ಕೊಡಲು ಒಂದು ಪುಟದ ಕನ್ನಡ ಹಾಳೆ ಬರೆಯಬೇಕು. ತೊಡಕಾಗಿರುವ ಪದಗಳು ಇವು. ಪ್ರತಿ ತೊಟ್ಟಿಯಿಂದ ಕೆಳಗಿಳಿಯುವ ಮೂರು ಪೈಪುಗಳಿಗೂ ‘ಡ್ರೈನ್’ ಎಂದು ಬರೆದರೆ ಸಾಕೆ? ಓವರ್‌ಫ್ಲೋಗೆ ಕೋಡಿ ಎನ್ನಬೇಕೆ, ತೂಬು ಎನ್ನಬೇಕೆ? ಕೆಳಗಿನ ತೊಟ್ಟಿಗೆ ಹೇಳುವ ‘ಸಂಪು’ ಎಂದರೆ ಇಲ್ಲಿ ಅಂಗಳದ ನೆಲದಡಿ ನಲ್ಲಿನೀರು ತುಂಬಿಸುವ ಸಿಮೆಂಟು ತೊಟ್ಟಿ ಎಂದೇ ಅರ್ಥ, ಅದನ್ನೇ ಇಟ್ಟುಕೊಳ್ಳಬಹುದೆ? ಪಂಪಿನಿಂದ ಮೇಲಕ್ಕೆ ಹೋಗುವ ‘ರಿಟರ್ನ್’ಗೆ ಏನು? ಕರೆಂಟು ಹೋದಾಗ ಮೇಲಿನಿಂದ ಕೆಳಗಿಳಿದುಬಿಡುವ ನೀರಿಗೆ ಏನು? ನಿಘಂಟಿನ ಪದ ಬೇಡ, ಕೆಲಸದ ಜಾಗದಲ್ಲಿ ಬಾಯಿಗೆ ಬರುವ ಪದ ಬೇಕು.

ಉತ್ತರ, ಚಿತ್ರದುರ್ಗದಿಂದ

ಮೂರಕ್ಕೂ ಡ್ರೈನ್ ಎಂದು ಬರೆಯಲೇಬೇಡಿ ಸರ್. ಹಾಗೆ ಬರೆದರೆ ಒಳ್ಳೆಯ ಪ್ಲಂಬರ್ ಅಚ್ಚುಕಟ್ಟಿಗೆಂದು ಮೂರಕ್ಕೂ ಒಂದೊಂದು ವಾಲ್ವ್ ಕೂಡಿಸುತ್ತಾನೆ. ಮುಂದೆ ಎಂದೋ ಯಾರದೋ ಕೈ ತಾಗಿ ಅದು ಮುಚ್ಚಿಕೊಂಡರೆ ಮನೆಯ ನೆಲದ ಮೇಲೆ ಉಪ್ಪುನೀರು. ಕೆರೆಯ ಮಾತು ಗೊತ್ತಿರುವ ಜಿಲ್ಲೆಯವರು ನಾವು, ಈ ಮೂರಕ್ಕೂ ಬೇರೆ ಬೇರೆ ಹೆಸರು ನಮ್ಮ ಹತ್ತಿರವೇ ಇದೆ.

ತೂಬು ಎಂದರೆ ಬೇಕಾದಾಗ, ಬೇಕಾದಷ್ಟು ನೀರು ಬಿಡುವ ದಾರಿ. ಅದಕ್ಕೆ ಬಿರಡೆ ಇರುತ್ತದೆ, ಎತ್ತುತ್ತೇವೆ, ಇಳಿಸುತ್ತೇವೆ. ಸೂಳೆಕೆರೆಯ ಸಿದ್ದ ನಾಲೆ, ಬಸವ ನಾಲೆಗಳಿಗೆ ಹೋಗುವುದು ತೂಬಿನ ನೀರು. ಕೋಡಿ ಎಂದರೆ ಮಟ್ಟ ಮೀರಿದ ನೀರು ತಾನಾಗಿ ಹೊರಬೀಳುವ ದಾರಿ. ಅದಕ್ಕೆ ಬಾಗಿಲಿಲ್ಲ, ಇರಲೂಬಾರದು. ಕೋಡಿ ಮುಚ್ಚಿದರೆ ಏರಿ ಒಡೆಯುತ್ತದೆ. ತೊಟ್ಟಿಯಲ್ಲೂ ವ್ಯತ್ಯಾಸ ಅಷ್ಟೇ.

ಮೊದಲ ಪೈಪು ಗಾಳಿಯೇ ಇಲ್ಲದೆ ತುಂಬಿ ಹರಿಯುವ ಸೈಫನ್. ಇದರ ಮೇಲೆ ಗೇಟ್ ವಾಲ್ವ್ ಇರುತ್ತದೆ, ಹರಿವನ್ನು ಅದರಿಂದಲೇ ಹದ ಮಾಡುವುದು. ಇದು ತೂಬು. ಎರಡನೆಯದು ವಾಲ್ವ್ ಇಲ್ಲದ, ಅರ್ಧಕ್ಕಿಂತ ಕಡಿಮೆ ತುಂಬಿ ಸಣ್ಣಗೆ ಹರಿಯುವ ಪೈಪು. ತೂಬು ಒಯ್ಯಲಾರದೆ ಉಳಿಸಿದ್ದನ್ನು ಇದು ಒಯ್ಯುತ್ತದೆ. ಇದು ಕೋಡಿ. ಮೂರನೆಯದರ ಬಾಯಿ ಇವೆರಡಕ್ಕಿಂತ ಒಂದೆರಡು ಸೆಂ.ಮೀ. ಎತ್ತರದಲ್ಲಿ, ದಿನನಿತ್ಯ ಒಣಗಿಯೇ ಇರುತ್ತದೆ. ಇದಕ್ಕೆ ‘ಒಣಕೋಡಿ’ ಎನ್ನೋಣ. ಸಂಧಿ ಮಾಡಿ ಒಣಗೋಡಿ ಎಂದು ಬರೆಯಬೇಡಿ. ನಮ್ಮ ಕಡೆ ಗೋಡೆಗೆ ಗೋಡಿ ಎನ್ನುವವರು ಬಹಳ, ಒಣಗಿದ ಗೋಡೆ ಎಂದು ಅರ್ಥವಾಗಿಬಿಡುತ್ತದೆ.

ಒಣಕೋಡಿ ಯಾವಾಗಲೂ ಒಣಗಿದೆ, ಅದೇಕೆ ದಂಡ ಎಂದು ಯಾರಾದರೂ ಕೇಳಿದರೆ ಮಾರಿಕಣಿವೆಯ ಅಣೆಕಟ್ಟನ್ನು ತೋರಿಸಿ. 1907ರಲ್ಲಿ ಮುಗಿದ ಆ ವಾಣಿವಿಲಾಸ ಸಾಗರ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಆ ಕೋಡಿಗೆ ಯಾರೂ ಗೋಡೆ ಕಟ್ಟಲಿಲ್ಲ. ಒಣಕೋಡಿ ಪೈಪು ಕೂಡ ಒಬ್ಬಂಟಿಯಾಗಿ ಪೂರ್ತಿ ನೀರನ್ನು ಒಯ್ಯುವಷ್ಟು ದಪ್ಪವಿರಬೇಕು. ತೂಬಿನಷ್ಟೇ, ಇಲ್ಲವೇ ಅದಕ್ಕಿಂತ ಒಂದು ಸೈಜು ದೊಡ್ಡದು.

ಕೆಳತುದಿಗಳ ವಿಷಯವನ್ನೂ ಹಾಳೆಯಲ್ಲಿ ಬರೆಯಿರಿ, ಎಲ್ಲರೂ ಮರೆಯುವುದು ಇಲ್ಲೇ. ತೂಬಿನ ತುದಿ ಕೆಳಗಿನ ತೊಟ್ಟಿಯ ನೀರಿನಲ್ಲಿ 2-3 ಸೆಂ.ಮೀ. ಮಾತ್ರ ಮುಳುಗಿರಲಿ. ಒಂದಡಿ ಮುಳುಗಿಸಿದರೆ ಪೈಪಿನೊಳಗಿನ ಗಾಳಿ ಹೊರಗೆ ಹೋಗಲಾರದೆ ಸೈಫನ್ ಹಿಡಿಯುವುದೇ ಇಲ್ಲ. ಒಣಕೋಡಿಯ ತುದಿ ನೀರಿನ ಮೇಲೆಯೇ ಇರಲಿ. ಅದರಲ್ಲಿ ನೀರು ಬಿದ್ದರೆ ಇಡೀ ಮನೆಗೆ ಸದ್ದು ಕೇಳಬೇಕು, ಎಚ್ಚರಿಕೆಯ ಗಂಟೆ ಅದೇ.

ಇನ್ನು ‘ಸಂಪು’ ಬೇಡ. ಪೈಪನ್ನು ಅಂಗಳಕ್ಕೆ ಒಯ್ಯಬೇಕೇನೋ ಎಂದು ಕೇಳುವವರಿದ್ದಾರೆ. ‘ಕೆಳತೊಟ್ಟಿ’ ಎನ್ನಿ, ಮೇಲಿನವು ‘ದೊಡ್ಡ ತೊಟ್ಟಿ’, ‘ಚಿಕ್ಕ ತೊಟ್ಟಿ’. ರಿಟರ್ನ್ ಎಂಬ ಮಾತೂ ಬೇಡ, ಏಕೆಂದರೆ ಪ್ಲಂಬರ್ ಕಣ್ಣಿಗೆ ಹಿಂದಕ್ಕೆ ಬರುವುದು ಕೆಳಗಿಳಿಯುವ ನೀರೇ. ಬೋರ್‌ವೆಲ್ ಪಂಪಿನವರು ‘ಡೆಲಿವರಿ’ ಎನ್ನುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಪದ ಇಲ್ಲ. ಪಂಪಿನಿಂದ ಮೇಲಕ್ಕೆ ಹೋಗುವುದೆಲ್ಲ ಡೆಲಿವರಿ.

ಕರೆಂಟು ಹೋದಾಗ ಇಳಿಯುವುದಕ್ಕೆ ‘ಇಳಿನೀರು’ ಎನ್ನಬಹುದು. ಪದಕ್ಕಿಂತ ಲೆಕ್ಕ ಮುಖ್ಯ. ಪಂಪು ನಿಂತ ಮೇಲೆ ಎರಡೂ ತೊಟ್ಟಿಗಳಲ್ಲಿ ಮಟ್ಟ 2 ಸೆಂ.ಮೀ. ಇಳಿಯುತ್ತದೆ ಎನ್ನಿ. ದೊಡ್ಡದರಿಂದ 120×60×2, ಅಂದರೆ 14.4 ಲೀಟರ್. ಚಿಕ್ಕದರಿಂದ 90×45×2, ಅಂದರೆ 8.1 ಲೀಟರ್. ಪೈಪುಗಳಲ್ಲಿ, ಅವುಗಳ ಬಾಯಿ ಇರುವ ಕೋಡಿ ಪೆಟ್ಟಿಗೆಗಳಲ್ಲಿ ನಿಂತದ್ದಕ್ಕೆ ಇನ್ನೊಂದು 6 ಲೀಟರ್ ಹಿಡಿಯಿರಿ. ಒಟ್ಟು 28.5. ಕೆಳತೊಟ್ಟಿಯ ತಳ 90×45 ಆಗಿದ್ದರೆ ಅಲ್ಲಿ ನೀರು 7 ಸೆಂ.ಮೀ. ಏರುತ್ತದೆ. ಹಾಗಾಗಿ ಪಂಪು ಓಡುವಾಗ ಕೆಳತೊಟ್ಟಿಯ ನೀರಿನ ಮೇಲೆ ಕನಿಷ್ಠ 10 ಸೆಂ.ಮೀ. ಖಾಲಿ ಇರಬೇಕು. ಆದರೆ ಡೆಲಿವರಿಯ ಬಾಯಿ ದೊಡ್ಡ ತೊಟ್ಟಿಯಲ್ಲಿ 10 ಸೆಂ.ಮೀ. ಆಳಕ್ಕೆ ಮುಳುಗಿದ್ದರೆ ಅದೇ ಸೈಫನ್ ಆಗಿ ಅದೊಂದರಿಂದಲೇ 72 ಲೀಟರ್ ಎಳೆದುಬಿಡುತ್ತದೆ, ಕೆಳತೊಟ್ಟಿ ಸುಮಾರು 18 ಸೆಂ.ಮೀ. ಏರುತ್ತದೆ. ಆದ್ದರಿಂದ ಬಾಯಿ ಮೇಲ್ಮಟ್ಟಕ್ಕೆ ಹತ್ತಿರ, 2 ಸೆಂ.ಮೀ. ಒಳಗಿರಲಿ. ಸೈಫನ್ ಮುರಿಯಲು ಪೈಪಿನಲ್ಲಿ ಗಾಳಿತೂತು ಕೊರೆದಿದ್ದೇನೆ ಎಂದು ಪೂರ್ತಿ ನಂಬಬೇಡಿ, ಪಾಚಿಯೋ ಬಸವನಹುಳುವೋ ಬಂದು ಮುಚ್ಚುತ್ತದೆ. ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಅಂತೂ ಉಪ್ಪು ಕಟ್ಟಿ ಪೂರ್ತಿ ಮುಚ್ಚಿಕೊಳ್ಳದೆ ಕೈಕೊಡುತ್ತದೆ. ಕೆಳತೊಟ್ಟಿಯ ಖಾಲಿ ಜಾಗ ಒಂದೇ ನಂಬಿಕೆಯದು.

ನೀವು ‘ಜೋಡಿಸುವ’ ಎಂದಿರಿ. ಅದರಲ್ಲೂ ಎರಡು ಅರ್ಥ ಇವೆ. ದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅದು ‘ಸರಣಿ’, ಮೇಲಿನದರ ಕೋಡಿಯೇ ಕೆಳಗಿನದರ ಒಳಹರಿವು. ಪ್ರತಿ ತೊಟ್ಟಿಗೂ ತನ್ನದೇ ತೂಬು, ಕೋಡಿ, ಒಣಕೋಡಿ ಇದ್ದು ಎಲ್ಲವೂ ಒಂದೇ ಕೆಳತೊಟ್ಟಿಗೆ ಬಿದ್ದರೆ ‘ಜೋಡು’. ಎರಡೂ ತೊಟ್ಟಿಗಳ ನೀರಿನ ಮಟ್ಟ ಒಂದೇ ಎತ್ತರದಲ್ಲಿದ್ದರೆ ಸರಣಿ ನಡೆಯುವುದಿಲ್ಲ. ಎರಡು ತೊಟ್ಟಿಗಳ ಮೇಲೆ ತಲೆಕೆಳಗಾದ ಯು ಪೈಪು ಇಟ್ಟು ಸಮಮಟ್ಟ ಮಾಡುವುದನ್ನಂತೂ ಬರೆಯಲೇಬೇಡಿ. ಅದರ ನೆತ್ತಿಯಲ್ಲಿ ಗಾಳಿ ಸೇರಿದ ದಿನ ಡೆಲಿವರಿ ಇರುವ ತೊಟ್ಟಿ ಉಕ್ಕುತ್ತದೆ, ಇನ್ನೊಂದು ಇಳಿಯುತ್ತದೆ. ಹಾಳೆಯಲ್ಲಿ ‘ಜೋಡು’ ಎಂದೇ ಇರಲಿ, ಡೆಲಿವರಿಯನ್ನು ಟೀ ಹಾಕಿ ಕವಲು ಮಾಡಿ, ಪ್ರತಿ ಕವಲಿಗೂ ಒಂದು ವಾಲ್ವ್ ಕೊಡಿ. ಇಲ್ಲದಿದ್ದರೆ ಅಡೆತಡೆ ಕಡಿಮೆ ಇರುವ ಕವಲಿಗೇ ನೀರು ಹೆಚ್ಚು ಹೋಗುತ್ತದೆ.

ಸೇರಿಸಬೇಕಾದದ್ದು, ದಾವಣಗೆರೆಯಿಂದ ಮತ್ತೊಬ್ಬರು

ತೂಬು, ಕೋಡಿ ಭೇದ ಸರಿಯಾಗಿದೆ. ಆದರೆ ಅಂಗಡಿಯ ಪದಗಳಲ್ಲಿ ಇನ್ನೂ ಮೂರು ಗುಂಡಿಗಳಿವೆ.

‘ಗೇಟ್ ವಾಲ್ವ್’ ಎಂದಷ್ಟೇ ಬರೆದರೆ ಕೈಗೆ ಬರುವುದು ಸಾಮಾನ್ಯವಾಗಿ ಹಿತ್ತಾಳೆಯದು. ಅದರ ತಾಮ್ರ ನೀರಿಗೆ ಬಿಟ್ಟು ಹವಳ, ಸೀಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ‘ಪಿವಿಸಿ ಗೇಟ್ ವಾಲ್ವ್, ಹಿತ್ತಾಳೆ ಬೇಡ’ ಎಂದು ಎರಡೂ ಮಾತು ಬರೆಯಿರಿ. ಸಿಗದಿದ್ದರೆ ತರಿಸಿ. ಬಾಲ್ ವಾಲ್ವ್‌ನಲ್ಲಿ ಕಾಲು ಸುತ್ತಿಗೇ ಪೂರ್ತಿ ತೆರೆದು ಮುಚ್ಚುವುದರಿಂದ ತೂಬನ್ನು ಹದ ಮಾಡಲು ಕೈ ನಿಲ್ಲುವುದಿಲ್ಲ. ಜಿಐ ನಿಪ್ಪಲ್, ಕಬ್ಬಿಣದ ಕ್ಲಾಂಪುಗಳೂ ಬೇಡ.

‘ಒಂದಿಂಚಿನ ಪೈಪು’ ಎಂಬುದು ಎರಡನೆಯ ಗುಂಡಿ. ಅಡಿಕೆ ತೋಟಕ್ಕೆ ಪೈಪು ಮಾರುವ ಅಂಗಡಿಯಲ್ಲಿ ಅದಕ್ಕೆ 32 ಮಿ.ಮೀ. ಪೈಪು ಕೊಡುವುದುಂಟು. ಮನೆ ಪ್ಲಂಬಿಂಗಿನ ಒಂದಿಂಚು ಯುಪಿವಿಸಿ ಪೈಪಿನ ಹೊರ ಅಳತೆ 33.4 ಮಿ.ಮೀ. ತೋಟದ ಪೈಪು ಮನೆಯ ಎಲ್ಬೋಗೆ ಸಡಿಲವಾಗಿ ಹೋಗಿ ಕೂರುತ್ತದೆ, ಸಲ್ಯೂಷನ್ ತುಂಬ ಬಳಿದರೆ ಅಂಟಿದಂತೆಯೂ ಕಾಣುತ್ತದೆ, ಆಮೇಲೆ ಜಿನುಗುತ್ತದೆ. ಒಂದೂವರೆ ಇಂಚಿನಲ್ಲಿ ತಿರುಗುಮುರುಗು, ತೋಟದ್ದು 50, ಮನೆಯದು 48.3, ಒಳಗೇ ಹೋಗುವುದಿಲ್ಲ. ‘ಎಲ್ಲವೂ ಮನೆ ಪ್ಲಂಬಿಂಗ್ ಪೈಪು’ ಎಂದು ಹಾಳೆಯ ತಲೆಯಲ್ಲೇ ಬರೆಯಿರಿ. ಸಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸಿ ಒತ್ತಿ, ಅರ್ಧ ನಿಮಿಷ ಹಿಡಿದಿರಬೇಕು. ನೀರು ಬಿಡುವುದು 24 ಗಂಟೆ ಕಳೆದ ಮೇಲೆ.

ಮೂರನೆಯದು, ಗಾಜಿನ ತೂತಿಗೆ ಪೈಪು ಕೂಡಿಸುವ ಜೋಡಣೆಯನ್ನು ಬಲ್ಕ್‌ಹೆಡ್ ಎಂದು ಕೇಳಿದರೆ ಯಾರಿಗೂ ತಿಳಿಯದು, ‘ಟ್ಯಾಂಕ್ ನಿಪ್ಪಲ್’ ಎನ್ನಿ. ಆದರೆ ಮಾಳಿಗೆಯ ಪ್ಲಾಸ್ಟಿಕ್ ಟ್ಯಾಂಕಿಗೆ ಕೂಡಿಸಿದಂತೆ ಗಾಜಿಗೆ ಪಾನಾ ಹಾಕಿ ಬಿಗಿಯುವಂತಿಲ್ಲ. ರಬ್ಬರ್ ವಾಷರ್ ತಲೆಯ ಕಡೆ, ತಲೆ ನೀರಿನ ಒಳಗಡೆ, ನಟ್ಟು ಹೊರಗಡೆ. ಕೈಬಿಗಿ, ಮೇಲೊಂದು ಕಾಲು ಸುತ್ತು, ಅಷ್ಟೇ. ತೂತಿಗೂ ಗಾಜಿನ ಅಂಚಿಗೂ ನಡುವೆ ಕನಿಷ್ಠ ತೂತಿನ ಅಗಲದಷ್ಟು ಗಾಜು ಉಳಿದಿರಬೇಕು. ಟಫನ್ಡ್ ಗಾಜಾದರೆ ಕೊರೆಯುವುದೇ ಆಗದು, ಪುಡಿಪುಡಿಯಾಗುತ್ತದೆ.

ಕೋಡಿಯ ಬಾಯಿಗೆ ಮೀನು ಹೋಗದಂತೆ ಇಡುವ ಹಲ್ಲಿನ ಪಟ್ಟಿಗೆ ಪದ ಕೇಳಿಲ್ಲ, ಆದರೂ ಹೇಳುತ್ತೇನೆ, ‘ಹಣಿಗೆ’. ನೋಡಿದ ಕೂಡಲೇ ಗೊತ್ತಾಗುತ್ತದೆ.

‘ಇಳಿನೀರು’ ಮಾತ್ರ ನನಗೆ ಒಪ್ಪಿಗೆಯಿಲ್ಲ. ಬರಹದಲ್ಲಿ ಸರಿ, ಬಾಯಲ್ಲಿ ಎಳನೀರಿಗೆ ತೀರ ಹತ್ತಿರ. ‘ಮರಳುವ ನೀರು’ ಎಂದರೆ ತೊಟ್ಟಿಯ ತಳದ ಮರಳು ನೆನಪಾಗುತ್ತದೆ. ಜನ ಹೇಗೂ ‘ವಾಪಸ್ ಬರೋ ನೀರು’ ಎನ್ನುತ್ತಾರೆ, ‘ವಾಪಸ್ ನೀರು’ ಎಂದೇ ಬರೆಯಿರಿ. ಕೆಳತೊಟ್ಟಿಯ ಗಾಜಿನ ಮೇಲೆ ಎರಡು ಗೆರೆ ಎಳೆಸಿ. ಮೊದಲು ಉಪ್ಪು ಹಾಕದ ಬರೀ ನೀರು ತುಂಬಿ ಪಂಪು ಓಡಿಸಿ, ತೂಬಿನ ವಾಲ್ವ್ ಪೂರ್ತಿ ತೆರೆದು ಗಾಳಿ ಹೋದ ಮೇಲೆ, ಕೋಡಿಯಲ್ಲಿ ಬೆರಳ ದಪ್ಪ ನೀರು ಹರಿಯುವವರೆಗೆ ನಿಧಾನ ಮುಚ್ಚಿ. ಆಗಿನ ಮಟ್ಟಕ್ಕೆ ‘ಓಡುವ ಗೆರೆ’. ಪಂಪು ನಿಲ್ಲಿಸಿ, ಹನಿಯೂ ನಿಂತ ಮೇಲಿನ ಮಟ್ಟಕ್ಕೆ ‘ನಿಂತ ಗೆರೆ’. ಎರಡರ ನಡುವಿನದೇ ವಾಪಸ್ ನೀರು. ಆವಿಯಾದದ್ದಕ್ಕೆ ಸಿಹಿನೀರು ಸೇರಿಸುವವರು ಪಂಪು ಓಡುವಾಗ ಓಡುವ ಗೆರೆ ದಾಟಬಾರದು. ಆಮೇಲೆ ಪಂಪು ಓಡುತ್ತಿರುವಾಗಲೇ ತೂಬನ್ನು ಪೂರ್ತಿ ಮುಚ್ಚಿ ನೋಡಿ. ಮಟ್ಟ ಏರಿ, ಕೋಡಿ ಪೈಪಿಗೆ ಗಾಳಿ ಕೊಡಲು ಅದರ ತಲೆಗೆ ಕೂಡಿಸಿದ ಗಾಳಿನಳಿಕೆ ಮುಳುಗಿ, ಅದೂ ಸೈಫನ್ ಆಗಿ ಎಳೆಯಬೇಕು. ಕೋಡಿಗೂ ಬಟ್ಟೆ ತುರುಕಿ. ಈಗ ಒಣಕೋಡಿ ಸದ್ದು ಮಾಡಬೇಕು, ತೊಟ್ಟಿಯ ಅಂಚು ಮೀರಿ ಒಂದು ಹನಿಯೂ ಬೀಳಬಾರದು. ಬಿದ್ದರೆ ಉಪ್ಪು ಹಾಕಬೇಡಿ, ಒಣಕೋಡಿಯ ಪೈಪನ್ನು ಇನ್ನೊಂದು ಸೈಜು ದೊಡ್ಡದು ಮಾಡಿಸಿ.